ಸತ್ತವನಿಗೆ ಆಯೇರಿ

ಗುದ್ಲೆಪ್ಪ ಮಾಸ್ತರನ ಹಲ್ಲು ಕಂಡವರು ನಮ್ಮೂರಲ್ಲಿ ಯಾರೂ ಇರಲಿಲ್ಲ. ಉಣ್ಣುವಾಗಲೂ ತುಟಿ ಮುಚ್ಚಿಕೊಂಡೇ ಅಗಿಯುತ್ತಿದ್ದ ಆ ಮನುಷ್ಯ, ಬೀಗರ ಪಂಕ್ತಿಯಲ್ಲಿ ಮಂದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಗ, ಇವರಿಗೆ ನೆಟ್ಟಗೆ ನಗಲಿಕ್ಕೂ ಬರುವುದಿಲ್ಲವಲ್ಲ ಎಂಬಂತೆ ಹುಬ್ಬು ಗಂಟಿಕ್ಕಿಕೊಂಡು ಕೂತಿರುತ್ತಿದ್ದ. ಅಂಥವನು ಹಿರೇಕೆರೂರು, ಹಾನಗಲ್ಲು, ಶಿಗ್ಗಾವಿ, ಸವಣೂರು ಸೀಮೆಯ ಜನರನ್ನೆಲ್ಲ ಕಣ್ಣೀರು ಒರೆಸಿಕೊಳ್ಳುವ ಹಾಗೆ ನಗಿಸಿದ ಎಂದರೆ ಇಂದಿನವರು ನಂಬಲಿಕ್ಕಿಲ್ಲ. ಅವನು ಶಾಲೆಯ ಮಾಸ್ತರನಲ್ಲ. ನಮ್ಮ ಕಡೆ ನಾಟಕ ಕಲಿಸುವವನೂ ಮಾಸ್ತರನೇ. ಮನೆತನದಿಂದ ಅವನು ಹೊಲಮನೆಯುಳ್ಳ ದೊಡ್ಡ ಒಕ್ಕಲಿನವನು, ಊರ ಹಿರಿಯ ಕರಿಬಸಪ್ಪನ ಒಡಹುಟ್ಟಿದ ತಮ್ಮ.

ಅವನ ನಡಿಗೆಯೇ ಜಗಳಕ್ಕೆ ಹೊರಟವನ ನಡಿಗೆ. ಎಡಹೆಗಲು ಒಂದಿಷ್ಟು ಮುಂದೆ, ತಲೆ ಅದರ ಹಿಂದೆ, ಧೋತರದ ಚುಂಗು ಬಲಗೈಯಲ್ಲಿ. ಬಿಸಿಲಿರಲಿ ಮಳೆಯಿರಲಿ, ಹುಬ್ಬಳ್ಳಿಯಲ್ಲಿ ಹೊಲಿಸಿದ ಕರಿಯ ಕೋಟಿನ ಗುಂಡಿ ಕೊರಳವರೆಗೆ ಬಿದ್ದಿರಲೇಬೇಕು. ಆ ಕೋಟಿನ ಕಿಸೆಯಲ್ಲಿ ಒಂದು ಅಡಕೊತ್ತು. ಅಡಿಕೆ ತಿನ್ನುವ ಚಟ ಅವನಿಗೆ ಅಷ್ಟಾಗಿ ಇರಲಿಲ್ಲ. ಅಡಕೊತ್ತು ಇದ್ದದ್ದು ತಾಲೀಮಿಗಾಗಿ. ನಟನ ಬಾಯಿಂದ ಮಾತು ಒಂದು ಉಸಿರು ತಡವಾಗಿ ಬಂದರೆ ಸಾಕು, ಅಡಕೊತ್ತಿನ ಬಾಯಿ ಕಟ್ಟೆಂದು ಮುಚ್ಚುತ್ತಿತ್ತು. ಆ ಸದ್ದು ಕೇಳಿದರೆ ಹೋರಿಯ ಕೊಂಬು ಹಿಡಿದು ನಿಲ್ಲಿಸುವ ಗಂಡಾಳುಗಳೂ ಬೆವರುತ್ತಿದ್ದರು. "ಇದರಾಗ ನ್ಯಾಯಾ ಏನೈತಿ?" ಎಂಬುದು ಅವನ ನಾಲಗೆಯ ತುದಿಯ ಮಾತು. ಸಾರಿಗೆ ಉಪ್ಪು ಹೆಚ್ಚಾದರೂ ಅದೇ, ಮುಂಗಾರು ತಡವಾದರೂ ಅದೇ, ಹಂಸಭಾವಿಯ ಸಂತೆಯಲ್ಲಿ ಬದನೆಕಾಯಿ ಹುಳುಕು ಬಂದರೂ ಅದೇ. ಜಗತ್ತೇ ಒಂದು ದೊಡ್ಡ ಕಚೇರಿ, ತಾನೊಬ್ಬನೇ ಅದರಲ್ಲಿ ತಕರಾರು ಹೂಡಿದವನು ಎಂಬಂತೆ ಅವನು ಬದುಕಿದ.

ಅವನ ತಕರಾರಿಗೆ ಆಧಾರವಿರಲಿಲ್ಲ ಎಂದು ಯಾರೂ ಹೇಳುವಂತಿಲ್ಲ. ಸುಗ್ಗಿ ಮುಗಿದು ಜೋಳ ನೆಲದೊಳಗಿನ ಹಗೇವಿಗೆ ಬಿದ್ದ ಮೇಲೆ ನಮ್ಮೂರ ನಾಟಕ ಮಂಡಳಿ ವರ್ಷಕ್ಕೊಂದು ಪೌರಾಣಿಕ ನಾಟಕ ಆಡುತ್ತಿತ್ತು. ಪಾತ್ರ ಹಂಚುತ್ತಿದ್ದದ್ದು ಗಂಟಲು ನೋಡಿ ಅಲ್ಲ, ಮನೆತನ ನೋಡಿ. ದೊಡ್ಡ ಮನೆಯವನು ರಾಜ, ಅದಕ್ಕಿಂತ ಸಣ್ಣ ಮನೆಯವನು ಮಂತ್ರಿ, ಹೀಗೆ ಇಳಿಯುತ್ತ ಇಳಿಯುತ್ತ ಕುರುಬರ ಓಣಿಗೆ ಬರುವ ಹೊತ್ತಿಗೆ ಭರ್ಚಿ ಹಿಡಿದು ಸಿಂಹಾಸನದ ಹಿಂದೆ ನಿಲ್ಲುವ ಕೆಲಸವೊಂದೇ ಉಳಿದಿರುತ್ತಿತ್ತು. ಆ ಭರ್ಚಿ ಹಿಡಿಯುತ್ತಿದ್ದವನು ಬೀರಪ್ಪ. ಕಡ್ಡಿಯಂಥ ಆಳು, ಉದ್ದ ಕೊರಳು, ಹಗಲೆಲ್ಲ ಕುರಿಯ ಹಿಂದೆ ಅಲೆದು ಸುಟ್ಟ ಮುಖ. ಬಾಯಲ್ಲಿ ಒಂದು ಮಾತಿಲ್ಲದಿದ್ದರೂ ಅವನು ಒಂದು ಹುಬ್ಬು ಏರಿಸಿದರೆ ತೂಕಡಿಸುತ್ತಿದ್ದ ಮಂದಿ ಎದ್ದು ಕೂಡುತ್ತಿದ್ದರು. ರಾಜ ಮಗನನ್ನು ಕಳೆದುಕೊಂಡು ಎದೆ ಬಡಿದುಕೊಂಡು ಅಳುವಾಗ ಸಭೆಯೆಲ್ಲ ಬೀರಪ್ಪನ ಹುಬ್ಬು ನೋಡಿ ನಗುತ್ತಿತ್ತು. ರಾಜನ ಮನೆಯವರು ದೂರು ಕೊಟ್ಟರು. ಮರುವರ್ಷ ಹಿರಿಯರು ಬೀರಪ್ಪನಿಗೆ ಭರ್ಚಿಯನ್ನೇನೋ ಕೊಟ್ಟರು, ಆದರೆ ಮಂದಿಗೆ ಬೆನ್ನು ಮಾಡಿ ನಿಲ್ಲಬೇಕು ಎಂದು ಕಟ್ಟಪ್ಪಣೆ ಮಾಡಿದರು. ಇಡೀ ರಾತ್ರಿ ಅವನು ಪರದೆಯ ಮೇಲಿನ ಬಣ್ಣದ ಕಂಬಗಳನ್ನು ನೋಡುತ್ತ ನಿಂತ. ದೇವರು ಕೊಟ್ಟ ಮುಖವನ್ನು ಪರದೆಯ ಕಡೆ ತಿರುಗಿಸಿಡುವ ಈ ನೀಚತನವನ್ನು ಊರಲ್ಲಿ ಯಾರೂ ನೀಚತನವೆನ್ನಲಿಲ್ಲ, ಶಿಸ್ತು ಎಂದರು. ಗುದ್ಲೆಪ್ಪನ ಹೊಟ್ಟೆಯಲ್ಲಿ ಮಾತ್ರ ಕೆಂಡ ಬಿತ್ತು. ಮೂವತ್ತೇಳನೆಯ ಇಸವಿಯ ಸುಗ್ಗಿಗೆ ರಾಜನೂ ಬೇಡ ಸಿಂಹಾಸನವೂ ಬೇಡ, ಫಾರ್ಸು ಆಡೋಣ ಎಂದು ಅವನು ಹಟ ಹಿಡಿದ. ನಗೆನಾಟಕಕ್ಕೆ ನಮ್ಮ ಕಡೆ ಆಗ ಫಾರ್ಸು ಎನ್ನುತ್ತಿದ್ದರು. ತಾನೇ ಕೂತು ಅದನ್ನು ಬರೆದ.

ಕತೆ ಸಣ್ಣದು. ಒಬ್ಬ ಜಿಪುಣ ಯಜಮಾನ. ವರ್ಷವಿಡೀ ದುಡಿದ ಆಳಿಗೆ ಕಾಳು ಅಳೆದುಕೊಡುವ ದಿನ ಬಂದಾಗ ಅವನು ಸತ್ತವನಂತೆ ನಟಿಸುತ್ತಾನೆ. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ ಕೂಡ್ರಿಸಿ, ಹಣೆಗೆ ವಿಭೂತಿ ಬಳಿದು, ಕೊರಳಿಗೆ ಹಾರ ಹಾಕಿ, ಮುಂದೆ ಭಜನೆ ಮಾಡುತ್ತೇವೆ. ಹಾಗೆ ಕೂತ ಯಜಮಾನನನ್ನು ನೋಡಿ ಆಳಿಗೆ ಸಂಶಯ ಬರುತ್ತದೆ. ಒಡೆಯರ ಮೈಮೇಲೆ ನೊಣ ಕೂತಿವೆಯಲ್ಲ ಎಂದು ಅಳುತ್ತ ಅಳುತ್ತಲೇ ಕಸಬರಿಗೆ ಎತ್ತಿಕೊಂಡು ನೊಣ ಹೊಡೆಯತೊಡಗುತ್ತಾನೆ. ಮೊದಲು ಮೆಲ್ಲಗೆ, ಆಮೇಲೆ ಬೀಸಿ. ಎದ್ದರೆ ಕಾಳು ಕೊಡಬೇಕು, ಏಳದಿದ್ದರೆ ಪೆಟ್ಟು ತಿನ್ನಬೇಕು. ಯಜಮಾನ ಹಲ್ಲು ಕಚ್ಚಿಕೊಂಡು ಸತ್ತೇ ಇರುತ್ತಾನೆ. ಕಡೆಗೊಂದು ಏಟಿಗೆ ಚೀರಿ ಎದ್ದು ಹಗೇವಿನ ಬಾಯಿ ತೆಗೆಯುತ್ತಾನೆ. ಇಡೀ ಫಾರ್ಸು ನಿಂತದ್ದು ಆ ಕಸಬರಿಗೆಯ ಮೇಲೆ. ಅದನ್ನು ತೆಗೆದರೆ ಉಳಿಯುವುದು ಬರಿಯ ಹೆಣ, ಭಜನೆ.

ಆಳಿನ ಪಾತ್ರ ಬೀರಪ್ಪನಿಗೆಂದು ಗುದ್ಲೆಪ್ಪ ಮೊದಲೇ ನಿಶ್ಚಯಿಸಿದ್ದ. ಯಜಮಾನನ ಪಾತ್ರವನ್ನು ಕರಿಬಸಪ್ಪನ ಮಗ ಪರಮೇಶಪ್ಪ ತಾನಾಗಿ ಬೇಡಿ ತೆಗೆದುಕೊಂಡ, ಏಕೆಂದರೆ ಅದಕ್ಕೆ ಜರಿ ರುಮಾಲಿತ್ತು, ಆಟ ಮುಗಿಯುವವರೆಗೆ ರಂಗದ ನಡುವೆ ಕೂಡುವ ಅವಕಾಶವಿತ್ತು. ತಾಲೀಮಿನಲ್ಲಿ ಮೊದಮೊದಲು ಬೀರಪ್ಪ ಹೆಗಲ ವಸ್ತ್ರವನ್ನೇ ಬೀಸುತ್ತಿದ್ದ. ಒಂದು ದಿನ ಗುದ್ಲೆಪ್ಪ ದನದ ಕೊಟ್ಟಿಗೆಯಿಂದ ಕಸಬರಿಗೆ ತಂದು ಅವನ ಕೈಗಿತ್ತ. ಆ ಸುದ್ದಿ ಕರಿಬಸಪ್ಪನ ಅಂಗಳಕ್ಕೆ ಮುಟ್ಟಲು ಎಷ್ಟು ಹೊತ್ತು ಬೇಕು? ತಮ್ಮನಿಗೆ ಬುಲಾವು ಬಂತು.

ಕರಿಬಸಪ್ಪ ದನಿ ಏರಿಸಿ ಮಾತಾಡುವ ಮನುಷ್ಯನಲ್ಲ. ಕಟ್ಟೆಯ ಮೇಲೆ ಚಾಪೆ ಹಾಸಿಸಿ, ತಮ್ಮನನ್ನು ಕೂಡ್ರಿಸಿ, ಎಲೆಯಡಿಕೆಯ ತಬಕು ಮುಂದೆ ಸರಿಸಿ, ಮೆಲ್ಲಗೆ ಹೇಳಿದ: "ನನ್ನ ಮಗಾ ಹೆಣಾ ಆಗಿ ಕುಂದ್ರಲಿ, ಅದು ಆಟ. ಆದ್ರ ಆ ಬೀರ್ಯಾನ ಕೈಲೆ ಅವಗ ಕಸಬರಗಿ ಪೆಟ್ಟು ಹೊಡಸ್ತಿ ಏನು?"

"ಹೆಣಾ ಆಗೂದು ಆಟ, ಹೊಡಸ್ಕೊಳ್ಳೂದು ಖರೇನ?" ಎಂದ ಗುದ್ಲೆಪ್ಪ. "ಇದರಾಗ ನ್ಯಾಯಾ ಏನೈತಿ ಅಣ್ಣ?"

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಕೂತಿದ್ದ ಹಿರಿಯರು ನಡುವೆ ಬಾಯಿ ಹಾಕಿದರು. ಕಸಬರಿಗೆ ಬಿಟ್ಟು ಬೀಸಣಿಕೆಯಿಂದ ನೊಣ ಹೊಡೆಯಲಿ ಎಂದು ಒಬ್ಬ, ಬೀರಪ್ಪನ ಬದಲು ತಮ್ಮವರಲ್ಲೇ ಯಾರಾದರೂ ಆಳಿನ ಸೋಗು ಹಾಕಲಿ ಎಂದು ಇನ್ನೊಬ್ಬ. ಬೀಸಣಿಕೆಯಿಂದ ಗಾಳಿ ಹಾಕಿಸಿಕೊಂಡ ಹೆಣ ಯಾವ ಜನ್ಮಕ್ಕೆ ಎದ್ದೀತು ಎಂದು ಗುದ್ಲೆಪ್ಪ ಕೇಳಿದ. ಅಣ್ಣತಮ್ಮಂದಿರ ತಾಯಿ ವೀರವ್ವ ಒಳಗಿನಿಂದ ಬಂದು, ಬದುಕಿರುವ ಮೊಮ್ಮಗನನ್ನು ಹೆಣದ ಹಾಗೆ ಕೂಡ್ರಿಸುವುದು ಒಳ್ಳೆಯದಲ್ಲ, ಆಟ ಮುಗಿದ ಮೇಲೆ ದೃಷ್ಟಿ ತೆಗೆಯಬೇಕು ಎಂದಳು. ಕಸಬರಿಗೆಯ ಬಗ್ಗೆ ಮುದುಕಿ ಚಕಾರ ಎತ್ತಲಿಲ್ಲ. ಕರಿಬಸಪ್ಪನೂ ಅಷ್ಟಕ್ಕೇ ಸುಮ್ಮನಾದ. ಅಣ್ಣ ಸುಮ್ಮನಾದದ್ದನ್ನು ಗುದ್ಲೆಪ್ಪ ಒಪ್ಪಿಗೆ ಎಂದು ತಿಳಿದ. ಹುಟ್ಟಿದಾಗಿನಿಂದ ಜೊತೆಗೆ ಉಂಡವನಿಗೂ ಅಣ್ಣನ ಮೌನದ ಅರ್ಥ ಆಗಿರಲಿಲ್ಲ.

ನಮ್ಮ ಕಡೆಯ ನಾಟಕಗಳಲ್ಲಿ ಆಯೇರಿ ಎಂಬ ಪದ್ಧತಿ ಉಂಟು. ಮದುವೆಯಲ್ಲಿ ಬೀಗರಿಗೆ ಬಟ್ಟೆ ಕೊಡುವ ಹಾಗೆ, ಪಾತ್ರ ಮಾಡಿದವನ ಬಂಧುಗಳು ನಡುನಾಟಕದಲ್ಲಿ ರಂಗಕ್ಕೆ ಹತ್ತಿ ರುಮಾಲೋ ಶಾಲೋ ಹೊದಿಸುತ್ತಾರೆ. ಆಗ ನಾಟಕ ನಿಲ್ಲಬೇಕು. ಕೊಟ್ಟವರ ಹೆಸರು, ಊರು, ಮನೆತನವನ್ನು ಒಬ್ಬ ಗಟ್ಟಿಯಾಗಿ ಕೂಗಿ ಹೇಳಬೇಕು. ಪಾತ್ರಧಾರಿ ಕೈಮುಗಿದು ತೆಗೆದುಕೊಳ್ಳಬೇಕು. ಬೇಡವೆನ್ನುವ ಹಾಗಿಲ್ಲ, ಆಮೇಲೆ ಕೊಡಿ ಎನ್ನುವ ಹಾಗೂ ಇಲ್ಲ; ಎಂದರೆ ಒಂದು ಮನೆತನದ ಮುಖಕ್ಕೆ ಮಸಿ ಬಳಿದ ಹಾಗೆ. ಮನ್ನಣೆಗಾಗಿ ಹುಟ್ಟಿದ ಈ ಪದ್ಧತಿಯಿಂದ ಕೊರಳು ಹಿಸುಕಲಿಕ್ಕೂ ಬರುತ್ತದೆ ಎಂದು ಅಲ್ಲಿಯತನಕ ಯಾರಿಗೂ ಹೊಳೆದಿರಲಿಲ್ಲ. ಕರಿಬಸಪ್ಪನಿಗೆ ಹೊಳೆಯಿತು.

ಆಟದ ದಿನ ಗ್ಯಾಸ್‌ಬತ್ತಿಯ ಬೆಳಕಿನಲ್ಲಿ ಫಾರ್ಸು ಚೆನ್ನಾಗಿಯೇ ಎದ್ದಿತು. ಬೀರಪ್ಪ ಮತ್ತೆ ಮಂದಿಗೆ ಮುಖ ಮಾಡಿ ನಿಂತಿದ್ದ. ಯಜಮಾನ ಸತ್ತ, ಗೋಡೆಗೆ ಒರಗಿ ಕೂತ; ಪೇಟಿ ನುಡಿಸಲು ಸವಣೂರಿನಿಂದ ಬಂದಿದ್ದ ಶೇಖಸಾಬ ಭಜನೆಯ ಧಾಟಿ ಹಿಡಿದ. ಬೀರಪ್ಪ ಕಣ್ಣೀರು ಒರೆಸಿಕೊಂಡು ಕಸಬರಿಗೆ ಎತ್ತಿದ. ಎತ್ತಿದ ಕೈ ಇಳಿಯುವ ಮೊದಲೇ ಪರಮೇಶಪ್ಪನ ಮಾವ, ಹಂಸಭಾವಿ ಕಡೆಯ ಗುತ್ತೆಪ್ಪ, ಜರಿ ರುಮಾಲು ಹಿಡಿದು ರಂಗಕ್ಕೆ ಹತ್ತಿಬಂದ. ಅಳಿಯನ ಪಾತ್ರ ಮೆಚ್ಚಿ ಮಾವನ ಆಯೇರಿ ಎಂದು ಕೂಗಾಯಿತು. ಹೆಣ ಎದ್ದು ನಿಂತಿತು. ಕೈಮುಗಿಯಿತು. ತಲೆಬಾಗಿ ರುಮಾಲು ಸುತ್ತಿಸಿಕೊಂಡು, ಮತ್ತೆ ಗೋಡೆಗೆ ಒರಗಿ ಸತ್ತಿತು. ಶೇಖಸಾಬ ಮತ್ತೆ ಧಾಟಿ ಹಿಡಿದ, ಬೀರಪ್ಪ ಮತ್ತೆ ಕಸಬರಿಗೆ ಎತ್ತಿದ, ಸೋದರಮಾವ ಶಾಲು ಹಿಡಿದು ಹತ್ತಿದ. ಹೆಣ ಮತ್ತೆ ಎದ್ದಿತು. ಆಮೇಲೆ ಸೋದರತ್ತೆಯ ಗಂಡ, ಆಮೇಲೆ ಬೀಗರು, ಬೀಗರ ಬೀಗರು. ಕಸಬರಿಗೆ ಮೇಲೇಳುವುದೇ ತಡ, ಸಭೆಯ ಯಾವುದೋ ಮೂಲೆಯಿಂದ ಒಬ್ಬ ಬಟ್ಟೆ ಹಿಡಿದು ಏಳುತ್ತಿದ್ದ. ಕರಿಬಸಪ್ಪ ಎಲ್ಲರನ್ನೂ ಸಾಲಾಗಿ ಕೂಡ್ರಿಸಿ, ಯಾರ ಹಿಂದೆ ಯಾರೆಂದು ಮೊದಲೇ ಹೇಳಿಟ್ಟಿದ್ದ.

ಸತ್ತವನು ಎದ್ದೆದ್ದು ಆಯೇರಿ ತೆಗೆದುಕೊಳ್ಳುವುದಕ್ಕಿಂತ ದೊಡ್ಡ ನಗೆ ಯಾವ ಫಾರ್ಸಿನಲ್ಲಿದೆ? ಆದರೆ ಒಬ್ಬನೂ ನಗಲಿಲ್ಲ. ಆಯೇರಿ ಎಂದರೆ ಮರ್ಯಾದೆಯ ವಿಷಯ, ಮರ್ಯಾದೆಗೆ ನಗಬಾರದು ಎಂದು ನಮ್ಮೂರಿಗೆ ಹುಟ್ಟಿನಿಂದಲೇ ಕಲಿಸಿಟ್ಟಿದ್ದರು. ಕಣ್ಣೆದುರು ಹೆಣ ಎದ್ದು ಕೈಮುಗಿಯುತ್ತಿದ್ದರೂ ಜನ ಕೊಟ್ಟವರ ಮನೆತನದ ಹೆಸರು ಕೇಳುತ್ತ ಗಂಭೀರವಾಗಿ ತಲೆದೂಗುತ್ತಿದ್ದರು. ಈ ಮಂಕುತನವನ್ನು ನೆನೆದರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಶೇಖಸಾಬ ಮಾತ್ರ ಪೇಟಿಯ ಮೇಲೆ ಬಗ್ಗಿ, ಮಗ್ಗುಲಲ್ಲಿ ನಿಂತಿದ್ದ ಮಾಸ್ತರನಿಗೆ ಕೇಳುವಷ್ಟು ದನಿಯಲ್ಲಿ ಹೇಳಿದ: "ಇಂವ ಎಷ್ಟು ಸಲ ಸಾಯ್ತಾನ್ರಿ? ನನ್ನ ಬೆರಳು ಸಾಯಾಕತ್ತಾವ."

ಬೀರಪ್ಪ ಕಸಬರಿಗೆ ಕೆಳಗಿಟ್ಟ. ಅದನ್ನು ಗುದ್ಲೆಪ್ಪ ಕಂಡ. ಅವನಿಗೆ ಅಣ್ಣನ ಮೌನದ ಅರ್ಥ ಆಗ ಆಯಿತು. ಕೋಟಿನ ಗುಂಡಿ ಬಿಚ್ಚಿ, ಕೋಟನ್ನು ತೆಗೆದು ಶೇಖಸಾಬನ ಪೇಟಿಯ ಮೇಲೆ ಎಸೆದು, ಜಗಳಕ್ಕೆ ಹೋಗುವ ಅದೇ ನಡಿಗೆಯಲ್ಲಿ ರಂಗಕ್ಕೆ ಬಂದ. ಶಾಲು ರುಮಾಲುಗಳಲ್ಲಿ ಹುಗಿದುಹೋಗಿದ್ದ ಅಣ್ಣನ ಮಗನ ರಟ್ಟೆ ಹಿಡಿದೆಬ್ಬಿಸಿ, ನೀನು ಸತ್ತದ್ದು ಸಾಕು, ಮನೆಗೆ ಹೋಗು ಎಂದ. ಅವನ ಕೊರಳ ಹಾರವನ್ನು ತನ್ನ ಕೊರಳಿಗೆ ಹಾಕಿಕೊಂಡ, ಅವನ ಹಣೆಯ ವಿಭೂತಿಯನ್ನು ಕೈಯಿಂದ ಒರೆಸಿ ತನ್ನ ಹಣೆಗೆ ಬಳಿದುಕೊಂಡ, ಅವನನ್ನು ಆಚೆ ಕಳಿಸಿ ಗೋಡೆಗೆ ಒರಗಿ ಕೂತ. ಅವನಿಗೆ ಆಯೇರಿ ತರಲು ಯಾರಿಗೂ ಹೇಳಿಟ್ಟಿರಲಿಲ್ಲ.

ಬೀರಪ್ಪ ಎರಡು ಹೆಜ್ಜೆ ಹಿಂದೆ ಸರಿದ. "ಬ್ಯಾಡ್ರಿ ಮಾಸ್ತರ" ಎಂದ.

ಹೆಣ ಕಣ್ಣು ಮುಚ್ಚಿಕೊಂಡೇ ಮಾತಾಡಿತು. "ತಡಾ ಮಾಡಬ್ಯಾಡೋ. ಮಾತು ಆರಾಕತ್ತೈತಿ. ಹೊಡಿ."

ಬೀರಪ್ಪ ಒಮ್ಮೆ ಸಭೆಯ ಕಡೆ ನೋಡಿದ. ಒಂದು ಹುಬ್ಬು ಮೆಲ್ಲಗೆ ಮೇಲೇರಿತು. ಒಡೆಯರ ಮೈಮೇಲೆ ಎಂಥ ನೊಣ ಕೂತಿವೆಯಪ್ಪಾ ಎಂದು ಗೊಳೋ ಎಂದು ಅಳುತ್ತ ಬೀಸಿಯೇ ಬೀಸಿದ. ಮೊದಲು ನಕ್ಕದ್ದು ಹೆಂಗಸರು ಕೂತ ಕಡೆಯಿಂದ ಯಾರೋ. ವೀರವ್ವ ಎಂದು ಕೆಲವರು ಹೇಳುತ್ತಾರೆ, ನಾನು ಅಲ್ಲಗಳೆಯುವುದಿಲ್ಲ. ಆಮೇಲೆ ಬಯಲೆಲ್ಲ ನಕ್ಕಿತು. ಕಾಳಿನ ದಿನ ಅಂಗಳದಲ್ಲಿ ಚೀಲ ಹಿಡಿದು ನಿಂತು ಬೈಗುಳ ತಿಂದವರು, ಇಂದು ನಾಳೆ ಎಂದು ಅಲೆದವರು, ಎಲ್ಲರೂ ಕೂತಲ್ಲಿಂದ ಎದ್ದು ನಿಂತು ನಕ್ಕರು. ಕರಿಬಸಪ್ಪ ಮಗನನ್ನು ಕರೆದುಕೊಂಡು ಎದ್ದುಹೋದ.

ಇಷ್ಟಕ್ಕೇ ಕತೆ ಮುಗಿದಿದ್ದರೆ ಗುದ್ಲೆಪ್ಪನೂ ನಮ್ಮ ಹಾಗೆ ನಾಲ್ಕು ದಿನ ಬೀಗಿ ಸುಮ್ಮನಾಗುತ್ತಿದ್ದನೇನೋ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ, ಊರು ತನ್ನ ಸಿಟ್ಟನ್ನು ತೀರಿಸಿಕೊಂಡದ್ದು ಬೀರಪ್ಪನ ಮೇಲೆ. ಬಿತ್ತನೆಗೆ ಮುಂಚೆ ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿಹಿಂಡು ನಿಲ್ಲಿಸಿಕೊಂಡು, ಕುರುಬರಿಗೆ ಕಾಳು ಕೊಡುವುದು ನಮ್ಮ ಕಡೆಯ ರೂಢಿ. ಆ ವರ್ಷ ಬೀರಪ್ಪನ ಹಿಂಡನ್ನು ಯಾವ ದೊಡ್ಡ ಮನೆಯವರೂ ಕರೆಯಲಿಲ್ಲ. ಕರಿಬಸಪ್ಪ ಯಾರಿಗೂ ಬೇಡವೆಂದು ಹೇಳಿರಲಿಲ್ಲ. ತಾನು ಕರೆಯಲಿಲ್ಲ, ಅಷ್ಟೇ. ಗುದ್ಲೆಪ್ಪನನ್ನು ಮಾತ್ರ ಯಾರೂ ಏನೂ ಅನ್ನಲಿಲ್ಲ. ಅವನದು ಹುಚ್ಚು, ರಕ್ತಸಂಬಂಧದ ಹುಚ್ಚು, ಕ್ಷಮಿಸಬಹುದು. ಈ ಕ್ಷಮೆ ಅವನಿಗೆ ಕಸಬರಿಗೆ ಪೆಟ್ಟಿಗಿಂತ ಹೆಚ್ಚು ಉರಿಯಿತು. ಹೊಡೆ ಎಂದವನು ನಾನು, ಹೊಡೆಸಿಕೊಂಡವನು ನಾನು, ಅವನಿಗೇಕೆ ದಂಡ ಎಂದು ಅವನು ಕಟ್ಟೆ ಕಟ್ಟೆಗೆ ಹೋಗಿ ಕೇಳಿದ. ಪ್ರತಿ ಕಟ್ಟೆಯಲ್ಲೂ ಎಲೆಯಡಿಕೆ ಸಿಕ್ಕಿತು, ಉತ್ತರ ಸಿಗಲಿಲ್ಲ. ಕಡೆಗೆ ತನ್ನ ಪಾಲಿನ ಹೊಲಗಳಲ್ಲೇ ಬೀರಪ್ಪನ ಕುರಿಗಳನ್ನು ಬಿತ್ತನೆಯ ತನಕ ನಿಲ್ಲಿಸಿಕೊಂಡ. ಗೊಬ್ಬರ ಮಿತಿಮೀರಿ ಜೋಳ ಆಳೆತ್ತರ ಬೆಳೆದು, ಕಾಳು ಕಟ್ಟುವ ಮೊದಲೇ ನೆಲಕ್ಕೆ ಮಲಗಿತು. ಊರು ಅದನ್ನು ನೋಡಿ ನಕ್ಕಿತು, ಅದಕ್ಕೆ ಯಾವ ತಡೆಯೂ ಇರಲಿಲ್ಲ.

ಮರುವರ್ಷ ಮಂಡಳಿಯ ಹಿರಿಯರು ಬಂದು, ಮತ್ತೆ ರಾಜನ ನಾಟಕ ಕಲಿಸಬೇಕು ಎಂದರು. ಗುದ್ಲೆಪ್ಪ ಒಳಗಿನಿಂದಲೇ ಅಡಕೊತ್ತಿನ ಬಾಯಿ ಮುಚ್ಚಿದ ಸದ್ದು ಕೇಳಿಸಿದ. ಅವರು ಎದ್ದುಹೋದರು. ಆಮೇಲೆ ಅವನು ಫಾರ್ಸನ್ನು ಬಂಡಿಗೆ ಹಾಕಿಕೊಂಡು ಊರೂರಿಗೆ ಹೊರಟ. ತನ್ನ ಊರಿನ ಸುಗ್ಗಿಯ ನಾಟಕ ಬೇರೆಯವರ ಪಾಲಾಯಿತು. ಹುಲಗೂರಿನ ಉರುಸಿಗೆ ಬಂದವರ ಮುಂದೆ ಆಡಿದ, ಅಬಲೂರಿನ ಗುಡಿಯ ಬಯಲಿನಲ್ಲಿ ಆಡಿದ, ಶೇಖಸಾಬನ ದಾಕ್ಷಿಣ್ಯದಿಂದ ಸವಣೂರಿನಲ್ಲಿ ಆಡಿದ. ಎಲ್ಲ ಕಡೆ ಹೆಣ ಅವನೇ, ಕಸಬರಿಗೆ ಬೀರಪ್ಪನದು. ಪರದೆ ಏಳುವ ಮುಂಚೆ ಮುಂದೆ ಬಂದು ಹುಬ್ಬು ಗಂಟಿಕ್ಕಿ, ಆಟ ಮುಗಿಯುವ ತನಕ ಆಯೇರಿ ಇಲ್ಲ, ಹೊತ್ತು ತಂದವರು ಹೊತ್ತುಕೊಂಡೇ ಕೂಡಬೇಕು ಎಂದು ಹೇಳಿ ಹೋಗುತ್ತಿದ್ದ. ಅಷ್ಟಕ್ಕೇ ಮಂದಿ ನಗಲು ಶುರುಮಾಡುತ್ತಿದ್ದರು. ಅದಕ್ಕೂ ಅವನಿಗೆ ಸಿಟ್ಟು, ಯಾಕೆಂದರೆ ಅದು ನಗೆಯ ಜಾಗವಲ್ಲ.

ಎರಡನೆಯ ಮಹಾಯುದ್ಧ ನಡೆದಿದ್ದ ವರ್ಷಗಳಲ್ಲಿ ಹಾನಗಲ್ಲಿನವರು ಅವನನ್ನು ಕರೆಸಿದರು. ಚಿಮಣಿ ಎಣ್ಣೆ ಕಾಣದ ಕಾಲ. ಗ್ಯಾಸ್‌ಬತ್ತಿ ಹಚ್ಚುವ ಮಾತೇ ಇಲ್ಲ. ಆಟವನ್ನು ಮಧ್ಯಾಹ್ನ, ಚಪ್ಪರದ ಕೆಳಗೆ ಇಟ್ಟುಕೊಂಡಿದ್ದರು. ಹಗಲು ಬೆಳಕಿನಲ್ಲಿ ಗೋಡೆಗೆ ಒರಗಿ ಕೂತ ಹೆಣಕ್ಕೆ, ಅರೆಮುಚ್ಚಿದ ಕಣ್ಣಿನ ಸಂದಿಯಿಂದ ಮುಂದಿನ ಸಾಲು ಸ್ಪಷ್ಟವಾಗಿ ಕಾಣುತ್ತಿತ್ತು. ಅಲ್ಲಿ ನಾಲ್ಕಾರು ವಕೀಲರ ನಡುವೆ, ಕಚೇರಿಯ ಕೆಲಸಕ್ಕೆ ಬಂದಿದ್ದ ಕರಿಬಸಪ್ಪ ಕೂತಿದ್ದ. ಆಗ ಅವನ ತಲೆಯ ಮೇಲೆ ರುಮಾಲು ಹೋಗಿ ಖಾದಿ ಟೊಪ್ಪಿಗೆ ಬಂದಿತ್ತು. ಬೀರಪ್ಪನ ಕಸಬರಿಗೆ ಏಳುತ್ತಿತ್ತು, ಬೀಳುತ್ತಿತ್ತು. ಪ್ರತಿ ಪೆಟ್ಟಿಗೂ ಕರಿಬಸಪ್ಪ ಪಕ್ಕದವನ ತೊಡೆ ತಟ್ಟಿ ನಗುತ್ತಿದ್ದ, ಟೊಪ್ಪಿಗೆ ತೆಗೆದು ಕಣ್ಣು ಒರೆಸಿಕೊಳ್ಳುತ್ತಿದ್ದ. ನಮ್ಮೂರ ಅಂಗಳದಲ್ಲಿ ಮನೆತನ ಮುಳುಗಿಸಿದ ಪೆಟ್ಟು, ಹನ್ನೆರಡು ಹರದಾರಿ ದಾಟಿದರೆ ಇಷ್ಟು ಸಿಹಿಯಾಗಿರುತ್ತದೆಯೆ? ಹೆಣ ಮಾತಾಡುವ ಹಾಗಿರಲಿಲ್ಲ, ಅಲ್ಲಾಡುವ ಹಾಗೂ ಇರಲಿಲ್ಲ. ತಾನೇ ಕಟ್ಟಿದ ಆಟದೊಳಗೆ ತಾನೇ ಸಿಕ್ಕು ಗುದ್ಲೆಪ್ಪ ಕಡೆಯ ಏಟಿನವರೆಗೆ ಕಾದ. ಆ ದಿನ ಹೆಣ ಚೀರಿ ಎದ್ದದ್ದನ್ನು ನೋಡಿ, ಇಂಥ ಅಭಿನಯ ತಾವು ಕಂಡಿಲ್ಲವೆಂದು ವಕೀಲರು ಒಬ್ಬರಿಗೊಬ್ಬರು ಹೇಳಿಕೊಂಡರಂತೆ.

ಆಟ ಮುಗಿದದ್ದೇ ಕರಿಬಸಪ್ಪ ರಂಗಕ್ಕೆ ಹತ್ತಿದ. ಪೇಟೆಗೆ ಆಳು ಕಳಿಸಿ ಜರಿ ರುಮಾಲು ತರಿಸಿದ್ದ. ಅದರ ಮಡಿಕೆ ಬಿಚ್ಚುತ್ತ ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ನಮ್ಮ ಮನೀ ಹೆಸರು ತಂದಿ ತಮ್ಮಾ. ತಲಿ ಬಗ್ಗಸು."

ಗುದ್ಲೆಪ್ಪ ತಲೆ ಬಗ್ಗಿಸಲಿಲ್ಲ. "ಹೊಡಸ್ಕೊಂಡಾಂವಗ ಬ್ಯಾಡಣ್ಣ," ಎಂದ. "ಹೊಡದಾಂವನ ತಲೀಗೆ ಸುತ್ತು."

ಬೀರಪ್ಪ ಪಕ್ಕದಲ್ಲೇ ನಿಂತಿದ್ದ. ಕೈಯಲ್ಲಿ ಕಸಬರಿಗೆ ಹಾಗೆಯೇ ಇತ್ತು, ಕಣ್ಣು ನೆಲದಲ್ಲಿ. ಹುಬ್ಬು ಅಲ್ಲಾಡಲಿಲ್ಲ. ಕರಿಬಸಪ್ಪ ಬಿಚ್ಚಿದ ರುಮಾಲನ್ನು ನೋಡಿದ, ಬೀರಪ್ಪನನ್ನು ನೋಡಿದ, ಸಭೆಯ ಕಡೆ ನೋಡಿದ. ಇದೂ ಫಾರ್ಸಿನ ಒಂದು ತುಣುಕೇ ಎಂದು ತಿಳಿದ ಮುಂದಿನ ಸಾಲಿನವರು ಆಗ ಹೋ ಎಂದು ನಕ್ಕರು. ಆ ನಗೆ ಸಿಕ್ಕದ್ದೇ ತಡ, ಕರಿಬಸಪ್ಪ ತಾನೂ ನಕ್ಕ. ನಮ್ಮ ತಮ್ಮ ಎಂಥ ವಿನೋದದ ಮನುಷ್ಯ ನೋಡಿರಿ ಎಂಬಂತೆ ಅವನ ಬೆನ್ನು ತಟ್ಟಿ, ರುಮಾಲನ್ನು ಮೊದಲಿನ ಮಡಿಕೆಗೇ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲು ಇಳಿದುಹೋದ.

ಆ ಮೇಲೂ ಗುದ್ಲೆಪ್ಪ ಬಹುಕಾಲ ಆಡಿದ, ಬೀರಪ್ಪ ಬಹುಕಾಲ ಹೊಡೆದ. ನಮ್ಮೂರಿನಲ್ಲಿ ಮಾತ್ರ ಆ ಫಾರ್ಸು ಮತ್ತೆ ಏಳಲಿಲ್ಲ. ಗುದ್ಲೆಪ್ಪನಂಥವರು ಊರಿಗೊಬ್ಬರೋ ಇಬ್ಬರೋ ಹುಟ್ಟುತ್ತಾರೆ. ಅವರ ಜೊತೆ ಬದುಕುವುದು ಸುಲಭವಲ್ಲ. ಊಟದಲ್ಲಿ ತಕರಾರು, ಸಂತೆಯಲ್ಲಿ ತಕರಾರು, ನಕ್ಕರೂ ತಕರಾರು. ಮೂಗಿನ ತುದಿಯಲ್ಲೇ ಸಿಟ್ಟು ಎಂದು ಅವರನ್ನು ಪ್ರತಿಯೊಂದು ಒಳ್ಳೆಯ ಕಾರ್ಯದಿಂದಲೂ ದೂರ ಇಡುತ್ತೇವೆ. ಆದರೆ ಪರ ಊರಿನಲ್ಲಿ ಕೂತು ನಕ್ಕುಬಿಟ್ಟರೆ ತನ್ನ ಊರಿನ ಅನ್ಯಾಯ ತೀರಿತು ಎಂದುಕೊಳ್ಳುವ ನಮ್ಮಂಥವರನ್ನು ಹಿಡಿದು ನಿಲ್ಲಿಸಿ, ರುಮಾಲನ್ನು ಸಲ್ಲಬೇಕಾದ ತಲೆಗೇ ಸುತ್ತು ಎಂದು ಹೇಳಲು ಅವರಲ್ಲದೆ ಬೇರೆ ಯಾರೂ ಇಲ್ಲ. ಅಂದು ಹಾನಗಲ್ಲಿನ ಚಪ್ಪರದ ಕೆಳಗೆ ಬೀರಪ್ಪನ ತಲೆ ಬರಿದಾಗಿಯೇ ಉಳಿದದ್ದನ್ನು ನೂರಾರು ಮಂದಿ ಕಂಡರು. ಕಂಡೂ ಸಿಟ್ಟು ಬರದ ಆ ನೂರಾರು ಮಂದಿಯನ್ನು ನಾವು ಒಳ್ಳೆಯವರು, ಸಮಾಧಾನದವರು ಎಂದು ಕರೆಯುತ್ತ ಬಂದಿದ್ದೇವೆ.